ಡ್ಯಾಶ್‌ಬೋರ್ಡಿನಲ್ಲೊಂದು ರಾಜೀನಾಮೆ

ಕೆಲವರ ಜೊತೆ ಇದ್ದರೆ ನಗೆ ತಾನಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತದೆ. ವಿಚಿತ್ರ ಅಂದರೆ, ಅವರು ಮಾತ್ರ ನಗುವುದಿಲ್ಲ. ನಮ್ಮ ಕರ್ನಲ್ ಸಾಹೇಬರು ಅಂಥವರು. ಕೊಡಗಿನವರು. ಮೂವತ್ತು ವರ್ಷ ಫೌಜಿನಲ್ಲಿದ್ದು, ನಿವೃತ್ತಿಯಾದ ಮೇಲೆ ದಿಲ್ಲಿಯಲ್ಲೇ ಉಳಿದವರು. ನಿವೃತ್ತ ಫೌಜಿಗಳೇ ತುಂಬಿದ ಒಂದು ಬಡಾವಣೆ, ಅದರ ಬೆನ್ನಿಗಂಟಿದ ಒಂದು ತಗ್ಗಿನ ಗಲ್ಲಿ, ಇವೆರಡೂ ಸೇರಿ ಅವರನ್ನು ಹಿಡಿದು ಶಾಸಕರನ್ನಾಗಿ ಮಾಡಿಬಿಟ್ಟವು. ನಾನು ಅವರ ಡ್ರೈವರ್. ನಾನು ಕಂಡದ್ದನ್ನು ಹೇಳುತ್ತೇನೆ. ಇದರಲ್ಲಿ ಬರುವ ಮಂದಿ ಮಾತಾಡಿದ್ದು ಬಹುಪಾಲು ಹಿಂದಿಯಲ್ಲಿ, ನಾನು ಬರೆಯುತ್ತಿರುವುದು ಕನ್ನಡದಲ್ಲಿ. ನಡುವೆ ಏನಾದರೂ ಸೋರಿಹೋಗಿದ್ದರೆ ತಪ್ಪು ನನ್ನದು. ಆರನೇ ಕ್ಲಾಸಿನಲ್ಲೇ ಶಾಲೆ ಬಿಟ್ಟವನ ಹತ್ತಿರ ಅದಕ್ಕಿಂತ ಗಟ್ಟಿ ಪಾತ್ರೆ ಇಲ್ಲ.

ಭರ್ತಿ

ಅರಸೀಕೆರೆ ಜಂಕ್ಷನ್ನಿನ ಹತ್ತಿರ ಹುಟ್ಟಿದವನು ನಾನು. ದಿನವೂ ಅಷ್ಟೊಂದು ರೈಲು ಕಣ್ಣಮುಂದೆ ಹೋಗುತ್ತಿದ್ದರೆ ಯಾರಾದರೂ ಒಂದೇ ಕಡೆ ಕೂತು ಮಗ್ಗಿ ಹೇಳುವುದುಂಟೆ? ಒಂದು ದಿನ ಹತ್ತಿದೆ. ಅಲ್ಲಿಂದ ಮುಂದೆ ಎಲ್ಲಿಯೂ ಒಂದು ವರ್ಷ ನಿಂತವನಲ್ಲ. ಪುಣೆಯಲ್ಲಿ ಬೇಕರಿ, ಇಂದೋರಿನಲ್ಲಿ ಲಾರಿ, ಕರೋಲ್ ಬಾಗಿನ ಸಣ್ಣ ಹೋಟೆಲಿನಲ್ಲಿ ರೂಮು ಗುಡಿಸುವುದು, ಕೊನೆಗೆ ಮಾನೇಸರಿನ ಕಾರ್ಖಾನೆಗೆ ಕಾರಿನ ಬಿಡಿಭಾಗ ಹೊರುವ ಟೆಂಪೋ.

ಆ ಟೆಂಪೋವನ್ನು ಒಂದು ದಿನ ಕರೋಲ್ ಬಾಗಿನ ಸಂದಿಯೊಂದರಲ್ಲಿ ಹಿಂದಕ್ಕೆ ತೆಗೆಯುತ್ತಿದ್ದೆ. ಹಿಂದೆ ನಿಂತಿದ್ದ ಕಾರಿಗೆ ಸರಿಯಾಗಿ ಕೊಟ್ಟೆ. ಇಳಿದು ನೋಡಿದರೆ ದೀಪ ಪುಡಿಪುಡಿ. ಬಾಯಿಗೆ ಬಂದಂತೆ ಕನ್ನಡದಲ್ಲಿ ಬೈದೆ. ಕಾರನ್ನು, ಸಂದಿಯನ್ನು, ದಿಲ್ಲಿಯನ್ನು, ದಿಲ್ಲಿ ಕಟ್ಟಿದವರನ್ನು. ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯ.

ಕಾರಿನಿಂದ ಇಳಿದವರು ಆರಡಿ ಎತ್ತರ. ಬಿಳಿ ಮೀಸೆ. ಶರಟಿನ ತೋಳಿನ ಗೆರೆಯಲ್ಲಿ ಟೊಮೇಟೊ ಹೆಚ್ಚಬಹುದಿತ್ತು. ನನ್ನ ಬೈಗುಳವನ್ನೆಲ್ಲ ಕೊನೆಯತನಕ ಕೇಳಿ, ಅಚ್ಚ ಕನ್ನಡದಲ್ಲಿ, "ಮುಗೀತೇನಪ್ಪಾ? ಇನ್ನೂ ಉಂಟಾ?" ಅಂದರು.

ನಾನು ಬಗ್ಗಿ ದೀಪದ ಚೂರು ಆಯತೊಡಗಿದೆ.

"ಇದಕ್ಕೆ ಮುಂಚೆ ಏನು ಮಾಡ್ತಿದ್ದೆ?" ಅಂದರು. ಹೇಳಿದೆ. "ಅದಕ್ಕೂ ಮುಂಚೆ?" ಹೇಳಿದೆ. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತ ಅರಸೀಕೆರೆ ಮುಟ್ಟಿದೆವು.

"ಹನ್ನೊಂದು ಕಡೆ ಕೆಲಸ, ಹನ್ನೊಂದು ಕಡೆಯಿಂದಲೂ ಹೇಳದೆ ಕೇಳದೆ ಓಟ. ಫೌಜಿನಲ್ಲಿ ಇದಕ್ಕೆ ಭಗೋಡಾ ಅಂತಾರೆ, ಗೊತ್ತಾ? ಓಡಿಹೋದವನು ಅಂತ. ಅದಕ್ಕಿಂತ ಕೆಟ್ಟ ಮಾತು ನಮ್ಮಲ್ಲಿಲ್ಲ."

"ಗೊತ್ತಿಲ್ಲ ಸಾರ್."

"ನಾಳೆ ಆರು ಗಂಟೆಗೆ ಮನೆಗೆ ಬಾ. ನನಗೊಬ್ಬ ಡ್ರೈವರ್ ಬೇಕು. ಚುನಾವಣೆಗೆ ನಿಲ್ತಾ ಇದ್ದೇನೆ."

"ಸಾರ್, ಈಗಷ್ಟೇ ನಿಮ್ಮ ಕಾರಿಗೆ ಗುದ್ದಿದ್ದೀನಿ!"

"ಅದಕ್ಕೇ. ಗುದ್ದಿದವನು ಓಡಿಹೋಗದೆ ನಿಂತು ಬೈದಿದ್ದನ್ನು ದಿಲ್ಲಿಯಲ್ಲಿ ಇವತ್ತೇ ಮೊದಲು ನೋಡಿದ್ದು."

ಐದು ನಿಮಿಷ ಮೊದಲು

ಸಾಹೇಬರು ಗೆದ್ದರು. ಗೆದ್ದ ಮೇಲೆ ಒಬ್ಬ ಪಿ.ಎ. ಬಂದ. ಹಿಂದೆ ಮೂವರು ಶಾಸಕರ ಬಳಿ ಕೆಲಸ ಮಾಡಿ ಪಳಗಿದವನು. ಬಂದ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಪಾಠ ಹೇಳಿದ. "ನೋಡು, ಸಮಾರಂಭ ಹತ್ತಕ್ಕೆ ಅಂದರೆ ಮನೆ ಬಿಡುವುದು ಹನ್ನೊಂದಕ್ಕೆ. ತಡವಾಗಿ ಹೋದಷ್ಟೂ ಮನುಷ್ಯ ದೊಡ್ಡವನು. ಇದು ರಾಜಕೀಯದ ಮೊದಲನೇ ನಿಯಮ."

ಸಾಹೇಬರ ನಿಯಮ ಬೇರೆ. ಹತ್ತು ಗಂಟೆ ಅಂದರೆ ಒಂಬತ್ತು ಐವತ್ತೈದು. ಮನೆಯಲ್ಲಿ ಅಮ್ಮಾವ್ರನ್ನು ಕೇಳಿದರೆ, "ಮದುವೆ ದಿನವೂ ಹಾಗೇ ಕಣೋ. ನನ್ನ ಜಡೆ ಇನ್ನೂ ಅರ್ಧ ಹೆಣೆದಿತ್ತು, ಇವರು ಬಂದು ನಿಂತಿದ್ದರು," ಅಂತಾರೆ.

ಮೊದಲನೇ ಸಮಾರಂಭ ಒಂದು ಪಾರ್ಕಿನ ಉದ್ಘಾಟನೆ. ಹತ್ತಕ್ಕೆ. ಪಿ.ಎ. ಕೈಕೈ ಹಿಸುಕಿಕೊಂಡರೂ ಒಂಬತ್ತು ಐವತ್ತೈದಕ್ಕೆ ಹೋಗಿ ನಿಂತೆವು. ಅಲ್ಲಿ ಯಾರಿದ್ದಾರೆ? ಶಾಮಿಯಾನದ ಬಟ್ಟೆ ನೆಲದ ಮೇಲೆ ಬಿದ್ದಿದೆ. ಟೆಂಟಿನ ಕೆಲಸದವರು ಇಬ್ಬರು, ಕಂಬ ನಾಲ್ಕು. ಸಾಹೇಬರು ಒಂದು ನಿಮಿಷ ನೋಡಿದರು. ತೋಳು ಮಡಚಿ ಗೂಟ ಹೊಡೆಯೋಕೆ ಶುರು ಮಾಡಿದರು. ನನ್ನನ್ನೂ ಒಂದು ಕಂಬಕ್ಕೆ ನಿಲ್ಲಿಸಿದರು. ಪಿ.ಎ. ಕಾರಿನೊಳಗೆ ಮುಖ ಮುಚ್ಚಿಕೊಂಡು ಕೂತ.

ಹತ್ತೂವರೆಗೆ ವ್ಯವಸ್ಥಾಪಕ ಬಂದ. ಎರಡೂ ಕೈಯಲ್ಲಿ ಹೂವಿನ ಹಾರ, ಕಿವಿಯಲ್ಲಿ ಫೋನು. ಸಾಹೇಬರ ಬೆನ್ನು ನೋಡಿ, "ಓಯ್ ಭಯ್ಯಾ, ಆ ಮೂಲೆಯ ಹಗ್ಗ ಬಿಗಿ! ವಿಧಾಯಕ್‌ಜೀ ತಲೆ ಮೇಲೆ ಬಿದ್ದರೆ ನಿನ್ನ ಚರ್ಮ ಸುಲೀತೀನಿ," ಅಂದ. ಶಾಸಕರಿಗೆ ಅಲ್ಲಿ ವಿಧಾಯಕ್ ಅನ್ನುತ್ತಾರೆ.

ಸಾಹೇಬರು ಹೋಗಿ ಬಿಗಿದರು. "ಆಯ್ತು. ಇನ್ನೇನು?"

"ಕುರ್ಚಿ ಹಾಕು."

ಹಾಕಿದರು. ಸಾಲು ನೂಲು ಹಿಡಿದಂತೆ ನೇರ.

ವ್ಯವಸ್ಥಾಪಕನಿಗೆ ಖುಷಿಯಾಯಿತು. "ಶಾಬ್ಬಾಶ್! ಇಂಥ ಕೆಲಸಗಾರ ಸಿಗೋದು ಕಷ್ಟ. ಈ ವಿಧಾಯಕ್ ಮಾತ್ರ ಯಾವಾಗ ಬರ್ತಾನೋ ಏನೋ. ಇವರಿಗೆಲ್ಲ ನಮ್ಮ ಸಮಯಕ್ಕೆ ಬೆಲೆಯೇ ಇಲ್ಲ ನೋಡು."

ಸಾಹೇಬರು ಕೈಯ ಮಣ್ಣು ಕೊಡವಿಕೊಂಡು, ತೋಳು ಇಳಿಸಿ ಗುಂಡಿ ಹಾಕಿಕೊಂಡು, ಮುಂದಿನ ಸಾಲಿನ ನಡುವಣ ಕುರ್ಚಿಯಲ್ಲಿ ಕೂತರು. "ಬಂದಾಯ್ತು. ಹಾರ ಹಾಕುವುದಾದರೆ ಹಾಕಿ. ಹನ್ನೊಂದಕ್ಕೆ ನನಗೆ ಬೇರೆ ಕಡೆ ಗೂಟ ಹೊಡೆಯೋದಿದೆ."

ಕೆಂಪು ಗೆರೆ

ಈಗ ಮುಖ್ಯವಾದದ್ದು. ನಮ್ಮೆಲ್ಲರ ನಿದ್ದೆ ಕೆಡಿಸಿದ ಗೆರೆಯ ಕಥೆ.

ಆ ತಗ್ಗಿನ ಗಲ್ಲಿ ಅಂದೆನಲ್ಲ, ಅದರ ತೀರಾ ತಳದಲ್ಲಿ ಒಂದು ಒಂಟಿ ಕೋಣೆಯ ಮನೆ. ಅಲ್ಲೊಬ್ಬ ಅಜ್ಜಿ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯಿಂದ ನಲವತ್ತು ವರ್ಷ ಆ ಬಡಾವಣೆಯ ಫೌಜಿಗಳ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿದವಳು. ಸಾಹೇಬರ ತೋಳಿನ ಆ ಗೆರೆ ಅವಳದೇ ಕೈಕೆಲಸ. ನಲವತ್ತು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಸುಟ್ಟವಳಲ್ಲ ಅಂತ ಬಡಾವಣೆಯಲ್ಲೆಲ್ಲ ಹೆಸರು. ಯಾರಿಗೂ ಹೆದರುವವಳಲ್ಲ. ಚುನಾವಣೆಯ ಹೊತ್ತಿಗೆ ಸಾಹೇಬರು ಕೈಮುಗಿದು ಬಾಗಿಲಿಗೆ ಹೋದಾಗ ಹೇಳಿದ್ದಳು: "ಫೌಜಿ, ಒಣಗಿದ ಗಲ್ಲಿಗೆ ಎಲ್ಲರೂ ಬರ್ತಾರೆ. ಮಳೆ ಬಂದಾಗ ಬಾ, ಆಗ ಮಾತಾಡೋಣ."

ಗೆದ್ದ ವರ್ಷದ ಮೊದಲನೇ ದೊಡ್ಡ ಮಳೆಗೆ ಸಾಹೇಬರು, "ಗಾಡಿ ತೆಗಿ," ಅಂದರು. ಹೋದೆವು. ಅಜ್ಜಿಯ ಕೋಣೆಯಲ್ಲಿ ನೀರು ಮೊಣಕಾಲಿಗೆ. ಅವಳು ಮಂಚದ ಮೇಲೆ ಇಸ್ತ್ರಿ ಬಟ್ಟೆಯ ಗಂಟುಗಳನ್ನು ಪೇರಿಸಿ, ಅದರ ಮೇಲೆ ತಾನು ಕೂತು ಚಹಾ ಕುಡಿಯುತ್ತಿದ್ದಳು. ಸಾಹೇಬರನ್ನು ನೋಡಿ, "ಅರೇ! ನಿಜವಾಗಿಯೂ ಬಂದನಲ್ಲ!" ಅಂತ ಲೋಟ ಕೆಳಗಿಟ್ಟಳು. ಲೋಟ ತೇಲಿಕೊಂಡು ಹೋಯಿತು.

ಸಾಹೇಬರು ಆ ನೀರಿನಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತರು. ನೀರು ಇಳಿಯುವ ತನಕ ಏಳಲಿಲ್ಲ. ಆಮೇಲೆ ಎದ್ದು, ನನ್ನ ಕೈಲಿ ಅಂಗಡಿಯಿಂದ ಕೆಂಪು ಪೇಂಟು ತರಿಸಿ, ಬಾಗಿಲ ಚೌಕಟ್ಟಿನ ಮೇಲೆ ಹೊಸ್ತಿಲ ಮಟ್ಟಕ್ಕೆ ಒಂದು ಗೆರೆ ಎಳೆದರು.

"ಅಮ್ಮಾಜಿ, ಮುಂದಿನ ಮಳೆಗಾಲದಲ್ಲಿ ನೀರು ಈ ಗೆರೆ ದಾಟಿದರೆ ನಾನು ರಾಜೀನಾಮೆ ಕೊಡ್ತೇನೆ."

ಸುತ್ತ ನಿಂತಿದ್ದವರು ಚಪ್ಪಾಳೆ ಹೊಡೆದರು. ಪಿ.ಎ. ನನ್ನ ಕಿವಿಯಲ್ಲಿ, "ಒಳ್ಳೇ ಡೈಲಾಗು. ಪರವಾಗಿಲ್ಲ, ಕಲೀತಾ ಇದ್ದಾರೆ," ಅಂದ.

ಸಾಯಂಕಾಲ ಸಾಹೇಬರು ತಮ್ಮ ಕೈಯಾರೆ ಸಭಾಧ್ಯಕ್ಷರಿಗೆ ರಾಜೀನಾಮೆ ಪತ್ರ ಬರೆದರು. ಸಹಿ ಹಾಕಿದರು. ತಾರೀಖಿನ ಜಾಗ ಮಾತ್ರ ಖಾಲಿ. ಲಕೋಟೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟು, "ಕಾರಿನ ಡ್ಯಾಶ್‌ಬೋರ್ಡಿನಲ್ಲಿಡು. ನೀರು ಗೆರೆ ದಾಟಿದ ದಿನ, ನಾನು ಕೈ ಚಾಚಿದ ಕೂಡಲೇ ಕೊಡಬೇಕು. ಇದು ನಿನ್ನ ಡ್ಯೂಟಿ," ಅಂದರು.

ಪಿ.ಎ.ಯ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. "ಇವರು ನಿಜವಾಗಿಯೂ ಕೊಡ್ತಾರಾ?" ಅಂತ ಅಮ್ಮಾವ್ರ ಬಳಿ ಓಡಿದ. ಅಮ್ಮಾವ್ರು ಬೀನ್ಸ್ ಮುರಿಯುತ್ತ, "ಒಂದು ಸಲ ಇನ್ನು ಸಕ್ಕರೆ ಬೇಡ ಅಂದರು. ಇಪ್ಪತ್ತಾರು ವರ್ಷ ಆಯ್ತು," ಅಂದರು.

ಅಂದು ಸಂಜೆ ಪಿ.ಎ. ಗೇಟಿನ ಹತ್ತಿರ ನನ್ನ ಹೆಗಲ ಮೇಲೆ ಕೈಯಿಟ್ಟ. ಮೂವರು ಶಾಸಕರನ್ನು ಕಂಡ ಮನುಷ್ಯ, ಕಣ್ಣಲ್ಲಿ ನೀರು. "ಭಾಯಿ, ನೀನು ಹನ್ನೊಂದು ಕಡೆಯಿಂದ ಓಡಿಹೋದವನಂತೆ. ನಿನ್ನ ಕಾಲಿಗೆ ಬೀಳ್ತೀನಿ, ಆ ಲಕೋಟೆ ತಗೊಂಡು ಹನ್ನೆರಡನೇ ಸಲ ಓಡಿಹೋಗು."

ಯಾರದೂ ಅಲ್ಲದ ಗಡಿ

ನೀರು ನಿಲ್ಲುತ್ತಿದ್ದದ್ದು ಗಲ್ಲಿಯ ಪಕ್ಕದ ಕೊಳಚೆ ನೀರಿನ ನಾಲೆ ಕಟ್ಟಿಕೊಂಡಿದ್ದರಿಂದ. ಅದನ್ನು ಬಿಡಿಸಿ, ಒಂದು ದೊಡ್ಡ ಪಂಪು ಕೂರಿಸಿದರೆ ಕೆಲಸ ಆಯಿತು. ಕೇಳೋಕೆ ಎಷ್ಟು ಸುಲಭ! ಆದರೆ ನಾಲೆಯ ನಡುವೆ ಒಂದು ಮೋರಿ, ಸಣ್ಣ ಸೇತುವೆಯಂಥದ್ದು. ಮೋರಿಯಿಂದ ಆಚೆ ಒಂದು ಇಲಾಖೆ, ಈಚೆ ಇನ್ನೊಂದು ಇಲಾಖೆ. ಹೂಳು ಎಲ್ಲಿದೆ ಅಂದರೆ, ಆಚೆಯವರು ಈಚೆ ಅಂತಾರೆ, ಈಚೆಯವರು ಆಚೆ ಅಂತಾರೆ.

ಸಾಹೇಬರು ಎರಡೂ ಇಲಾಖೆಯ ಇಂಜಿನಿಯರುಗಳನ್ನು ಆಫೀಸಿಗೆ ಕರೆಯಲಿಲ್ಲ. ನಾಲೆಗೇ ಕರೆದರು. ಬೆಳಿಗ್ಗೆ ಏಳಕ್ಕೆ. ಇಬ್ಬರೂ ಮಿರಿಮಿರಿ ಮಿಂಚುವ ಬೂಟಿನಲ್ಲಿ ಬಂದರು. ಸಾಹೇಬರು ಎರಡು ಜೊತೆ ಗಂಬೂಟು ಮುಂದಿಟ್ಟು, "ಹಾಕಿಕೊಳ್ಳಿ. ಮೊದಲು ನೆಲ ನೋಡಬೇಕು, ಆಮೇಲೆ ನಕ್ಷೆ," ಅಂದವರೇ ತಾವೇ ಮೊದಲು ಇಳಿದರು. ಹಿಂದೆ ಇಂಜಿನಿಯರುಗಳು. ಅವರ ಹಿಂದೆ ಮೂಗು ಮುಚ್ಚಿಕೊಂಡು ನಾನು. ದಡದ ಮೇಲೆ ಪಿ.ಎ., ನಮ್ಮ ನಾಲ್ವರ ಚಪ್ಪಲಿ ಬೂಟು ಕಾಯುತ್ತ.

ಮೋರಿಯ ಕೆಳಗೆ ನಿಂತು ಆಚೆಯ ಇಂಜಿನಿಯರು, "ಸಾರ್, ಈ ಕಲ್ಲಿನಿಂದ ಮುಂದಿನದು ಅವರದು," ಅಂದ. ಈಚೆಯವನು, "ಇಲ್ಲ ಸಾರ್, ಈ ಕಲ್ಲಿನತನಕ ಅವರದೇ," ಅಂದ. "ಕಲ್ಲು ಯಾರದು?" ಅಂದರು ಸಾಹೇಬರು. ಇಬ್ಬರೂ ಒಟ್ಟಿಗೆ ಎದುರುಬದುರು ಬೆರಳು ತೋರಿಸಿದರು.

ಸಾಹೇಬರು ಆ ಕಲ್ಲನ್ನೊಮ್ಮೆ ಕಾಲಿನಿಂದ ತಟ್ಟಿದರು.

"ನಾನು ಎಷ್ಟೋ ವರ್ಷ ಗಡಿಯಲ್ಲಿ ಕೂತವನು. ಅಲ್ಲಿ ಎರಡೂ ಕಡೆಯವರು ಒಂದು ಅಂಗುಲಕ್ಕೆ ಪ್ರಾಣ ಕೊಡ್ತಿದ್ದೆವು. ಇದು ನಮ್ಮದು, ನಮ್ಮದು ಅಂತ. ಎರಡೂ ಕಡೆಯವರು ಇದು ನಿಮ್ಮದು, ನಿಮ್ಮದು ಅಂತ ಕಾದಾಡೋ ಗಡಿಯನ್ನು ಜೀವಮಾನದಲ್ಲಿ ಇವತ್ತೇ ನೋಡಿದ್ದು."

ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇವರಿಬ್ಬರೂ ಹೂಳು ತೆಗೆಸುವುದಕ್ಕೆ ಒಪ್ಪುವ ತನಕ ದಡದ ಮೇಲಿನ ಬೂಟು ಕೊಡಬೇಡ ಅಂತ ಪಿ.ಎ.ಗೆ ಹೇಳು," ಅಂದರು.

ಹತ್ತು ನಿಮಿಷದಲ್ಲಿ ಒಪ್ಪಿದರು. ಆ ಗಡಿಯಲ್ಲಿ ಶಾಂತಿ ನೆಲೆಸಲು ಸಾಕಾದದ್ದು ಎರಡು ಜೊತೆ ಬೂಟು.

ಸಾವಧಾನ್

ಹೂಳೇನೋ ಹೋಯಿತು. ಪಂಪು ಬರಬೇಕಿತ್ತು. ಅದಕ್ಕೆ ವಿಧಾನಸಭೆಯಲ್ಲಿ ಸಾಹೇಬರು ಪ್ರಶ್ನೆ ಹಾಕಿದ್ದರು. ಮಳೆಗಾಲಕ್ಕೆ ಮುಂಚಿನ ಕೊನೆಯ ಅಧಿವೇಶನ, ಅದರ ಕೊನೆಯ ದಿನ. ಅಂದು ತಪ್ಪಿದರೆ ಪಂಪು ಬರುವುದು ಮಳೆ ಮುಗಿದ ಮೇಲೆ. ನನ್ನ ಡ್ಯಾಶ್‌ಬೋರ್ಡಿನಲ್ಲಿ ಲಕೋಟೆ ಕೂತಿದೆ.

ನಾವು ಡ್ರೈವರುಗಳೆಲ್ಲ ಹೊರಗಿನ ಕ್ಯಾಂಟೀನಿನಲ್ಲಿ ಟಿ.ವಿ. ಮುಂದೆ. ಸಾಹೇಬರು ಎದ್ದು ನಿಂತದ್ದೇ ತಡ, ಬೇರೆ ಯಾವುದೋ ವಿಷಯಕ್ಕೆ ಗಲಾಟೆ ಶುರುವಾಯಿತು. ಎರಡೂ ಕಡೆಯವರು ಸಭಾಧ್ಯಕ್ಷರ ಪೀಠದ ಮುಂದಕ್ಕೆ ನುಗ್ಗಿದರು. ಕಾಗದ ಹಾರಿದವು. ಸಭಾಧ್ಯಕ್ಷರು ಕೂತುಕೊಳ್ಳಿ, ಕೂತುಕೊಳ್ಳಿ ಅಂತ ತಾವೇ ಎದ್ದು ನಿಂತುಬಿಟ್ಟರು. ನಾಲ್ಕು ನಿಮಿಷ ಕಳೆಯಿತು. ಇನ್ನೊಂದು ನಿಮಿಷಕ್ಕೆ ಪ್ರಶ್ನೋತ್ತರ ವೇಳೆ ಮುಗಿಯುತ್ತದೆ.

ನನ್ನ ಪಕ್ಕದ ಡ್ರೈವರು, "ನಿಮ್ಮವರ ಪಂಪು ಹೋಯ್ತು ಬಿಡು," ಅಂದ.

ಆಗ ಸಾಹೇಬರು ಎದೆ ತುಂಬ ಗಾಳಿ ಎಳೆದುಕೊಂಡದ್ದು ಟಿ.ವಿ.ಯಲ್ಲೇ ಕಂಡಿತು.

"ಸಾಽಽವಧಾನ್!"

ಪೆರೇಡ್ ಮೈದಾನದ ಕೊನೆಯಲ್ಲಿರುವವನಿಗೂ ಕೇಳಬೇಕೆಂದು ಮೂವತ್ತು ವರ್ಷ ಸಾಣೆ ಹಿಡಿದ ಕಂಠ ಅದು. ನೆಟ್ಟಗೆ ನಿಲ್ಲು ಅನ್ನುವ ಆ ಹುಕುಂ ಕೇಳಿದ ಮೇಲೆ ಮನುಷ್ಯ ಯೋಚನೆ ಮಾಡುವುದಿಲ್ಲ, ಹಿಮ್ಮಡಿ ತಾನಾಗಿ ಜೋಡಿಸಿಕೊಳ್ಳುತ್ತದೆ. ಸಭೆಯಲ್ಲಿದ್ದ ಮಾರ್ಷಲ್‌ಗಳು ಟಕ್ಕನೆ ನಿಂತರು. ನುಗ್ಗುತ್ತಿದ್ದವರು ನಿಂತಲ್ಲೇ ನಿಂತರು. ಒಬ್ಬರು ಎತ್ತಿದ ಕಾಗದ ಎತ್ತಿದಂತೆಯೇ. ಇತ್ತ ಕ್ಯಾಂಟೀನಿನಲ್ಲಿ ಹದಿನೈದು ಮಂದಿ ಡ್ರೈವರುಗಳು ಎದ್ದು ನೆಟ್ಟಗೆ ನಿಂತೆವು. ಚಹಾದವನು ನನ್ನ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದ. ಕೈ ಅಲುಗಿಸುವ ಧೈರ್ಯವಾಗದೆ ಬಗ್ಗಿಸುತ್ತಲೇ ಇದ್ದ. ಲೋಟ ತುಂಬಿ, ತಟ್ಟೆ ತುಂಬಿ, ನನ್ನ ಪ್ಯಾಂಟಿಗೆ ಬಂತು. ನಾನೂ ಅಲುಗಲಿಲ್ಲ.

ಆ ನಿಶ್ಶಬ್ದದಲ್ಲಿ ಸಾಹೇಬರು ತಮ್ಮ ಪ್ರಶ್ನೆಯನ್ನು ಎರಡೇ ವಾಕ್ಯದಲ್ಲಿ ಕೇಳಿದರು. ಮಂತ್ರಿಗಳು ಎರಡೂ ಕೈ ತೊಡೆಗಂಟಿಸಿ, ಎದೆಯುಬ್ಬಿಸಿ, ನೇರ ಮುಂದೆ ನೋಡುತ್ತ, "ಮಂಜೂರು, ಸರ್!" ಅಂದರು.

ಸಾಹೇಬರು, "ವಿಶ್ರಾಮ್," ಅಂದ ಮೇಲೇ ಗಲಾಟೆ ಮತ್ತೆ ಶುರುವಾದದ್ದು.

ಒಂದು ಬೆರಳು

ಪಂಪು ಬಂತು. ಕೂತಿತು. ಮಳೆಗಾಲವೂ ಬಂತು. ಮೊದಲ ಎರಡು ಮಳೆಗೆ ಗಲ್ಲಿ ಒದ್ದೆಯಾಯಿತೇ ಹೊರತು ನೀರು ನಿಲ್ಲಲಿಲ್ಲ. ಪಿ.ಎ. ಹನುಮಂತನ ಗುಡಿಗೆ ಲಡ್ಡು ಕೊಟ್ಟುಬಂದ.

ಮೂರನೆಯದು ಮಳೆಯಲ್ಲ, ಆಕಾಶ ಜಾರಿ ಬಿದ್ದದ್ದು. ಬೆಳಿಗ್ಗೆ ಐದಕ್ಕೆ ಹಿಡಿದದ್ದು ಒಂಬತ್ತಾದರೂ ಬಿಡಲಿಲ್ಲ. ಸಾಹೇಬರು ಇಸ್ತ್ರಿಯ ಶರಟು, ಗಂಬೂಟು ಹಾಕಿಕೊಂಡು ಬಂದು, "ಲಕೋಟೆ ಇದೆಯಲ್ಲ?" ಅಂದರು. "ಇದೆ ಸಾರ್," ಅಂದೆ.

ನಿಜ ಹೇಳುತ್ತೇನೆ. ಹಿಂದಿನ ದಿನವೇ ಮೋಡ ನೋಡಿ ನನ್ನ ಕಾಲು ತುರಿಸಿದ್ದುಂಟು. ಸ್ಟೇಷನ್ನು ಅರ್ಧ ಗಂಟೆ ದಾರಿ. ಲಕೋಟೆಯೊಂದಿಗೆ ರೈಲು ಹತ್ತಿದರೆ ಒಬ್ಬ ಒಳ್ಳೆಯ ಶಾಸಕ ಉಳಿಯುತ್ತಾನೆ. ಆದರೆ ಸಾಹೇಬರು ಡ್ಯೂಟಿ ಅಂದಿದ್ದರು. ಅದುವರೆಗೆ ಯಾರೂ ನನಗೆ ಕೆಲಸ ಕೊಟ್ಟಿದ್ದರೇ ಹೊರತು ಡ್ಯೂಟಿ ಕೊಟ್ಟಿರಲಿಲ್ಲ.

ಗಲ್ಲಿಯ ಬಾಯಲ್ಲಿ ಕಾರು ನಿಂತುಹೋಯಿತು. ಲಕೋಟೆಯನ್ನು ಶರಟಿನೊಳಗಿಟ್ಟುಕೊಂಡು ನಡೆದೆವು. ಪಂಪು ಅತ್ತ ಹೂಂಕರಿಸುತ್ತಿದೆ, ಇತ್ತ ನೀರು ಹೋಗುತ್ತಲೂ ಇದೆ, ಬರುತ್ತಲೂ ಇದೆ.

ಗಲ್ಲಿಯ ತಿರುವಿನಲ್ಲಿ ಕ್ಷೌರದಂಗಡಿಯವನು ನಿಂತಿದ್ದ. ಪಾದ ಮುಳುಗುವಷ್ಟು ನೀರಿನಲ್ಲಿ. "ನಮಸ್ಕಾರ ಸಾಹೇಬ್! ಎಲ್ಲಾ ಒಣಗಿದೆ. ವಾಪಸ್ಸು ಹೋಗಿ."

"ಒಣಗಿದೆಯಾ? ನಿನ್ನ ಕಾಲೆಲ್ಲಿ?"

"ಕಾಲು ತೊಳೀತಾ ಇದ್ದೆ ಸಾಹೇಬ್."

ಮುಂದೆ ಹಾಲಿನವಳು. "ಈ ವರ್ಷ ಮಳೆಯೇ ಇಲ್ಲ ನೋಡಿ," ಅಂದಳು. ತಲೆಯಿಂದ ನೀರು ಇಳಿಯುತ್ತಿದೆ. ಗಲ್ಲಿಗೆ ಗಲ್ಲಿಯೇ ಬಾಗಿಲಲ್ಲಿ ನಿಂತು ಸುಳ್ಳು ಹೇಳುತ್ತಿತ್ತು. ಶಾಸಕರು ಜನರಿಗೆ ಸುಳ್ಳು ಹೇಳುವುದನ್ನು ಊರೂರಲ್ಲಿ ಕೇಳಿದ್ದೇನೆ. ಶಾಸಕನೊಬ್ಬನನ್ನು ಉಳಿಸಿಕೊಳ್ಳುವುದಕ್ಕೆ ಜನ ಸುಳ್ಳು ಹೇಳಿದ್ದನ್ನು ಕಂಡದ್ದು ಅಲ್ಲೇ.

ಎಲ್ಲಕ್ಕಿಂತ ಮಿಗಿಲು, ಸಾಹೇಬರ ಎದುರು ನಿಂತು ಸೋತಿದ್ದ ವಿರೋಧ ಪಕ್ಷದವನೇ ಅಲ್ಲಿ ಲುಂಗಿ ಎತ್ತಿ ಕಟ್ಟಿ, ಬಕೀಟಿನಲ್ಲಿ ನೀರು ಮೊಗೆದು ಮೊಗೆದು ಚೆಲ್ಲುತ್ತಿದ್ದ. ಪಿ.ಎ.ಗೆ ಆಶ್ಚರ್ಯ. "ನಿನಗೇನಯ್ಯಾ ಇವರ ಮೇಲೆ ಇಷ್ಟು ಪ್ರೀತಿ?"

"ಪ್ರೀತಿಯಲ್ಲ ಭಾಯಿ, ಭಯ. ಇವರು ರಾಜೀನಾಮೆ ಕೊಟ್ಟರೆ ಮತ್ತೆ ಚುನಾವಣೆ. ಕೊಟ್ಟ ಮಾತು ಉಳಿಸಿಕೊಂಡ ಅಂತ ಜನ ಮತ್ತೆ ಇವರನ್ನೇ ಎಳ್ಕೊಂಡು ಬರ್ತಾರೆ. ಒಂದೇ ಮನುಷ್ಯನ ಕೈಲಿ ಎರಡೆರಡು ಸಲ ಸೋಲೋ ಶಕ್ತಿ ನನಗಿಲ್ಲ."

ಅಜ್ಜಿಯ ಮನೆ ಬಂತು. ಅವಳು ಬಾಗಿಲಿಗೆ ಅಡ್ಡಲಾಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ನೋಡು ಫೌಜಿ, ನಿನ್ನ ಗೆರೆ. ನೀರು ಎಲ್ಲಿ, ಗೆರೆ ಎಲ್ಲಿ!"

ನೋಡಿದೆ. ನಿಜ! ಕೆಂಪು ಗೆರೆ ನೀರಿಗಿಂತ ಒಂದು ಗೇಣು ಮೇಲಿತ್ತು. ಪಿ.ಎ. ನನ್ನನ್ನು ಅಪ್ಪಿಕೊಂಡೇಬಿಟ್ಟ.

ಸಾಹೇಬರು ಮಾತ್ರ ಬಗ್ಗಿ ಗೆರೆಯನ್ನು ಮುಟ್ಟಿದರು. ಬೆರಳು ಕೆಂಪಾಯಿತು. ಗೆರೆ ಮಳೆಯ ಸಿಂಚನಕ್ಕೆ ಕರಗಿ, ಕಣ್ಣೀರಿನಂತೆ ಉದ್ದಕ್ಕೆ ಇಳಿಯುತ್ತಿತ್ತು.

"ಅಮ್ಮಾಜಿ, ಇದು ಪೇಂಟಲ್ಲ. ಹೆಂಗಸರು ಪಾದಕ್ಕೆ ಹಚ್ಚಿಕೊಳ್ಳುವ ಬಣ್ಣ."

"ಹೂಂ, ಆಲ್ತಾ. ಹಬ್ಬಕ್ಕೆ ಅಂತ ಬಾಗಿಲಿಗೂ ಸ್ವಲ್ಪ ಹಚ್ಚಿದೆ."

ಸಾಹೇಬರು ಕೆಳಗೆ, ಹೊಸದಾಗಿ ಸುಣ್ಣ ಬಳಿದಿದ್ದ ಜಾಗವನ್ನು ಉಗುರಿನಿಂದ ಕೆರೆದರು. ಸುಣ್ಣ ಉದುರಿತು. ಅಲ್ಲಿತ್ತು ಹಳೆಯ ಗೆರೆ, ನೀರಿನೊಳಗೆ. ತಮ್ಮ ಬೆರಳು ಅಡ್ಡ ಇಟ್ಟು ಅಳೆದರು.

"ಒಂದು ಬೆರಳು," ಅಂದರು. "ದಾಟಿದೆ."

"ಹೋದ ವರ್ಷ ಮೊಣಕಾಲಿಗಿತ್ತಲ್ಲೋ!" ಅಂತ ಅಜ್ಜಿ ಕೂಗಿದಳು.

"ಗೆರೆ ಅಂದರೆ ಗೆರೆ ಅಮ್ಮಾಜಿ." ಸಾಹೇಬರು ನನ್ನತ್ತ ತಿರುಗದೆಯೇ ಕೈ ಹಿಂದಕ್ಕೆ ಚಾಚಿದರು.

ಇಡೀ ಗಲ್ಲಿ ನನ್ನನ್ನೇ ನೋಡುತ್ತಿತ್ತು. ಪಿ.ಎ. ಓಡು ಓಡು ಅಂತ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ನಾನು ಲಕೋಟೆ ತೆಗೆದು ಆ ಕೈಗಿಟ್ಟೆ. ಹನ್ನೊಂದು ಕಡೆಯಿಂದ ಓಡಿದ ಕಾಲು, ಹನ್ನೆರಡನೆಯ ಕಡೆ ಕೆಸರಿನಲ್ಲಿ ನೆಟ್ಟ ಕಂಬದ ಹಾಗೆ ನಿಂತುಬಿಟ್ಟಿತ್ತು.

ಸಾಹೇಬರು ಪತ್ರ ಹೊರತೆಗೆದರು. ನನ್ನ ಶರಟು ನೆನೆದು ಕಾಗದವೂ ಒದ್ದೆ. ಮೂಲೆಗಳು ಮುದುಡಿ, ನಡುವೆ ಸುಕ್ಕು. ತಾರೀಖು ಹಾಕಲೆಂದು ಪೆನ್ನು ತೆರೆದವರು ಆ ಸುಕ್ಕನ್ನು ನೋಡಿ ತಡೆದರು. ಜೀವಮಾನದಲ್ಲಿ ಸುಕ್ಕಾದ ಕರವಸ್ತ್ರವನ್ನೂ ಜೇಬಿಗಿಳಿಸದ ಮನುಷ್ಯ!

ಅಜ್ಜಿ ಅದನ್ನು ಕಂಡಳು. ನಲವತ್ತು ವರ್ಷ ಫೌಜಿಗಳ ಬಟ್ಟೆ ತಿದ್ದಿದವಳಿಗೆ ಅವರ ಮನಸ್ಸು ಗೊತ್ತಿರುವುದಿಲ್ಲವೆ?

"ಛೀ ಛೀ, ಇಂಥ ಕಾಗದ ಸರ್ಕಾರಕ್ಕೆ ಕೊಡ್ತೀಯಾ? ನನ್ನ ಗಿರಾಕಿ ಸುಕ್ಕು ಕಾಗದ ಕೊಟ್ಟ ಅಂದರೆ ನನ್ನ ಮಾನ ಏನಾಗಬೇಕು? ಇತ್ತ ತಾ. ಇಸ್ತ್ರಿ ಬಿಸಿ ಇದೆ."

ಸಾಹೇಬರು ಒಂದು ಕ್ಷಣ ಯೋಚಿಸಿದರು. ಕೊಟ್ಟರು.

ಒಳಗೆ ಎತ್ತರದ ಮೇಜು. ಮೇಲೆ ಕೆಂಡ ತುಂಬಿದ ಪೆಟ್ಟಿಗೆ. ಅಜ್ಜಿ ಕಾಗದವನ್ನು ಮಗುವಿನಂತೆ ಮಲಗಿಸಿ, ಮೂಲೆ ಸವರಿ, ಇಸ್ತ್ರಿಯನ್ನು ಮೆಲ್ಲನೆ ಅದರ ಮೇಲಿಟ್ಟಳು. ಇಟ್ಟು ಸಾಹೇಬರ ಕಡೆ ತಿರುಗಿದಳು.

"ಒಂದು ಮಾತು ಹೇಳು ಬೇಟಾ. ನಿಮ್ಮ ಫೌಜಿನಲ್ಲಿ, ಬೆಟ್ಟ ಹತ್ತಬೇಕು ಅಂತ ಹೊರಟು, ಇನ್ನೊಂದು ಬೆರಳು ಬಾಕಿ ಇದೆ ಅನ್ನುವಾಗ ಬಂದೂಕು ಕೆಳಗಿಟ್ಟು ಮನೆಗೆ ಹೋದವನನ್ನು ಏನಂತ ಕರೀತಾರೆ?"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ಹೇಳು. ಏನೋ ಒಂದು ಹೆಸರಿದೆಯಲ್ಲ?"

ಸಾಹೇಬರ ಮೀಸೆ ಅಲುಗಿತು. ಬಹಳ ಸಣ್ಣ ದನಿಯಲ್ಲಿ, "ಭಗೋಡಾ," ಅಂದರು.

ಹೊಗೆಯ ವಾಸನೆ ಬಂತು.

"ಅಯ್ಯೋ ರಾಮ!" ಅಂತ ಅಜ್ಜಿ ಇಸ್ತ್ರಿ ಎತ್ತಿದಳು. ಅಷ್ಟೇನೂ ಅವಸರವಿಲ್ಲದೆ ಎತ್ತಿದಳು. ರಾಜೀನಾಮೆಯ ನಡುಮಧ್ಯೆ, ಇಸ್ತ್ರಿಪೆಟ್ಟಿಗೆಯ ಆಕಾರದ ತೂತು. ಸಹಿ ಇದ್ದ ಜಾಗದಲ್ಲಿ ಮೇಜು ಕಾಣುತ್ತಿತ್ತು.

ಸಾಹೇಬರು ಕಾಗದ ಎತ್ತಿ, ಆ ತೂತಿನೊಳಗಿಂದ ಅಜ್ಜಿಯ ಮುಖ ನೋಡಿದರು.

"ಅಮ್ಮಾಜಿ, ನಲವತ್ತು ವರ್ಷದಲ್ಲಿ ಏನನ್ನಾದರೂ ಸುಟ್ಟಿದ್ದುಂಟಾ?"

"ಇವತ್ತೇ ಮೊದಲು ಬೇಟಾ. ವಯಸ್ಸಾಯ್ತು ನೋಡು."

ಆಗ ನಕ್ಕರು ಸಾಹೇಬರು. ಅವರು ನಗುವುದನ್ನು ನಾನು ಕಂಡದ್ದು ಅದೇ ಮೊದಲು. ನಗೆಯೂ ಪೆರೇಡ್ ಕಂಠದಲ್ಲೇ ಬಂತು, ಚಾವಣಿಯ ತಗಡು ನಡುಗಿತು. ಹೊರಗೆ ಗಲ್ಲಿ ಸಿಳ್ಳೆ ಹೊಡೆಯಿತು. ವಿರೋಧ ಪಕ್ಷದವನು ಬಕೀಟನ್ನು ತಲೆಯ ಮೇಲೆ ಮಗುಚಿಕೊಂಡು ಕುಣಿದ.

ನಗು ನಿಂತ ಮೇಲೆ ಸಾಹೇಬರು, "ಪೇಂಟು ತಾ," ಅಂದರು. ಮಳೆ ನಿಂತ ಮಧ್ಯಾಹ್ನ, ನೀರು ಇಳಿದ ಮೇಲೆ, ಮಂಡಿಯೂರಿ ಹೊಸ ಗೆರೆ ಎಳೆದರು. ಹಳೆಯ ಗೆರೆಯ ಜಾಗದಲ್ಲಲ್ಲ. ಅದಕ್ಕಿಂತ ಒಂದು ಬೆರಳು ಕೆಳಗೆ. "ಇನ್ನೊಂದು ಪಂಪು ಬೇಕಾಗುತ್ತದೆ," ಅಂದರು. ಪಿ.ಎ. ಮೆಟ್ಟಿಲ ಮೇಲೆ ಕುಸಿದು ಕೂತ. ಸಂಜೆ ಹೊಸ ಪತ್ರ, ಹೊಸ ಸಹಿ, ಹೊಸ ಲಕೋಟೆ. ಮತ್ತೆ ನನ್ನ ಡ್ಯಾಶ್‌ಬೋರ್ಡು.

ಅದು ಈಗಲೂ ಅಲ್ಲೇ ಇದೆ. ನಾನೂ ಇಲ್ಲೇ ಇದ್ದೇನೆ. ದಿನಾ ಬೆಳಿಗ್ಗೆ ಸಾಹೇಬರ ಶರಟುಗಳನ್ನು ಅಜ್ಜಿಯ ಮೇಜಿನ ಮೇಲಿಟ್ಟು ಹೊರಡುವಾಗ, ಅವಳು ಇಸ್ತ್ರಿಯ ಕೆಂಡಕ್ಕೆ ಉಫ್ ಅಂತ ಊದಿ, ಹುಬ್ಬು ಹಾರಿಸಿ ಕೇಳುತ್ತಾಳೆ:

"ಆ ಕಾಗದ ಎಲ್ಲಾದರೂ ಸುಕ್ಕಾಗಿದೆಯಾ ನೋಡೋ. ಆಗಿದ್ದರೆ ತಾ, ಸಂಕೋಚ ಪಡಬೇಡ."